ಹಾಸ್ಟೆಲಿನಲ್ಲಿ ಕಾಯಿಲೆ ಬಿದ್ದಾಗ: ವೈದ್ಯಕೀಯ ವಿದ್ಯಾರ್ಥಿಗಳಿಗೆ ಸ್ವಯಂ ಚಿಕಿತ್ಸೆಯ ಮಿತಿ ತಿಳಿಸುವ ಮಾರ್ಗದರ್ಶಿ

ಎಂಬಿಬಿಎಸ್ ಎರಡನೇ ವರ್ಷದಲ್ಲಿ ಫಾರ್ಮಕಾಲಜಿ (ಔಷಧಶಾಸ್ತ್ರ) ಪಾಠ ಶುರುವಾದ ಮೇಲೆ ವಿದ್ಯಾರ್ಥಿಗಳು ತಮ್ಮ ಕಾಯಿಲೆಯನ್ನು ನೋಡುವ ರೀತಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಜ್ವರ ಬಂದರೆ ಮನೆಗೆ ಫೋನ್ ಮಾಡುತ್ತಿದ್ದವರು ಈಗ ಔಷಧದ ಹೆಸರನ್ನೂ ಡೋಸನ್ನೂ ತಾವೇ ಹೇಳಿ ಕಾಲೇಜಿನ ಎದುರಿನ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕೊಳ್ಳುತ್ತಾರೆ. ಏಪ್ರನ್ ತೊಟ್ಟು ಬಂದವರನ್ನು ಅಂಗಡಿಯವರು ಚೀಟಿ ಕೇಳುವುದು ಅಪರೂಪ. ಹಿರಿಯ ವಿದ್ಯಾರ್ಥಿಗಳ ಕೋಣೆಯಲ್ಲಿ ಔಷಧ ಕಂಪನಿಗಳ ಸ್ಯಾಂಪಲ್‌ಗಳೂ ಸಿಗುತ್ತವೆ. ಓಪಿಡಿ ಸಾಲಿನಲ್ಲಿ ನಿಂತರೆ ತರಗತಿ ತಪ್ಪುತ್ತದೆ, ಥಿಯರಿಗೆ ಶೇ. 75, ಪ್ರಾಕ್ಟಿಕಲ್ಸ್‌ಗೆ ಶೇ. 80 ಹಾಜರಾತಿ ಇರಲೇಬೇಕಾದ್ದರಿಂದ ಅರ್ಧ ದಿನ ಕಳೆದುಕೊಳ್ಳಲು ಯಾರಿಗೂ ಮನಸ್ಸಿಲ್ಲ. ಪರೀಕ್ಷಿಸುವ ವೈದ್ಯರೇ ನಾಳೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎದುರಿಗೆ ಕೂರುತ್ತಾರೆಂಬ ಸಂಕೋಚವೂ ಇದೆ. ಈ ಕಾರಣಗಳು ಯಾವುವೂ ಸುಳ್ಳಲ್ಲ. ಆದ್ದರಿಂದ ‘ನೀವೇ ಔಷಧ ತೆಗೆದುಕೊಳ್ಳಬೇಡಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಯಾರಿಗೂ ಉಪಯೋಗವಾಗುವುದಿಲ್ಲ.

ಪಠ್ಯಪುಸ್ತಕ ನಿಮಗೆ ಔಷಧವನ್ನು ಪರಿಚಯಿಸಿದೆ, ಆದರೆ ನಿಮ್ಮ ಹೊಟ್ಟೆಯನ್ನು ಮುಟ್ಟಿ ನೋಡುವ, ನಿಮ್ಮ ಊಹೆಯನ್ನು ಪ್ರಶ್ನಿಸುವ ಎರಡನೆಯ ವ್ಯಕ್ತಿಯನ್ನು ಕೊಟ್ಟಿಲ್ಲ. ಚಿಕಿತ್ಸೆಯಲ್ಲಿ ಕಷ್ಟದ ಭಾಗ ಔಷಧದ ಆಯ್ಕೆಯಲ್ಲ, ರೋಗನಿರ್ಣಯ. ಸ್ವಯಂ ಚಿಕಿತ್ಸೆಯಲ್ಲಿ ಬಿಟ್ಟುಹೋಗುವುದು ಅದೇ ಭಾಗ. ಕೆಳಗಿನ ಹೆಜ್ಜೆಗಳೆಲ್ಲ ಆ ಎರಡನೆಯ ವ್ಯಕ್ತಿ ಎಲ್ಲಿ ಬೇಕೇ ಬೇಕು, ಎಲ್ಲಿ ಇಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಗುರುತಿಸುವುದಕ್ಕಾಗಿ ಇವೆ.

ಮೊದಲ ಹೆಜ್ಜೆ: ಆರೋಗ್ಯವಾಗಿರುವಾಗಲೇ ಒಂದು ಪುಟ ಬರೆದಿಡಿ

ಕಾಯಿಲೆ ಬಂದ ರಾತ್ರಿ ಯಾರಿಗೂ ತಮ್ಮ ಹಿಸ್ಟರಿ ಪೂರ್ತಿ ನೆನಪಾಗುವುದಿಲ್ಲ. ವಾರ್ಡಿನಲ್ಲಿ ರೋಗಿಗೆ ಬರೆಯುವ ಕೇಸ್ ಶೀಟನ್ನೇ ನಿಮ್ಮ ಬಗ್ಗೆಯೂ ಒಮ್ಮೆ ಬರೆದಿಟ್ಟುಕೊಳ್ಳಿ. ತೂಕ, ಸಾಮಾನ್ಯ ರಕ್ತದೊತ್ತಡ, ಹಿಂದೆ ಯಾವ ಔಷಧದಿಂದ ಮೈಮೇಲೆ ಗಂಧೆ ಎದ್ದಿತ್ತು ಅಥವಾ ಉಸಿರು ಕಟ್ಟಿತ್ತು, ಬಾಲ್ಯದಲ್ಲಿ ಆಸ್ತಮಾ ಇತ್ತೇ, ಈಗ ದಿನವೂ ಏನನ್ನು ನುಂಗುತ್ತಿದ್ದೀರಿ ಎಂಬುದೆಲ್ಲ ಅದರಲ್ಲಿರಲಿ. ಆಯುರ್ವೇದದ ಚೂರ್ಣ, ಜಿಮ್ಮಿನಲ್ಲಿ ಕೊಟ್ಟ ಪುಡಿ, ಕೂದಲು ಉದುರದಿರಲೆಂದು ತೆಗೆದುಕೊಳ್ಳುವ ಮಾತ್ರೆ, ಇವೂ ಲೆಕ್ಕಕ್ಕೆ ಬರುತ್ತವೆ. ಹೆಪಟೈಟಿಸ್ ಬಿ ಲಸಿಕೆಯ 0, 1 ಮತ್ತು 6 ತಿಂಗಳ ಮೂರೂ ಡೋಸ್ ಆಗಿವೆಯೇ, ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ಆ್ಯಂಟಿಬಾಡಿ ಮಟ್ಟ ನೋಡಿಸಿದ್ದೀರಾ ಎಂಬುದನ್ನೂ ಬರೆಯಿರಿ. ವಾರ್ಡ್ ಪೋಸ್ಟಿಂಗ್ ಶುರುವಾಗುವ ಮೊದಲೇ ಈ ಲಸಿಕೆ ಮುಗಿದಿರಬೇಕು. ಹುಷಾರು ತಪ್ಪಿದ ದಿನ ಅದೇ ಪುಟದ ಕೆಳಗೆ ಲಕ್ಷಣ ಯಾವಾಗ ಶುರುವಾಯಿತು, ಥರ್ಮಾಮೀಟರಿನಲ್ಲಿ ಎಷ್ಟಿತ್ತು, ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂದು ಸೇರಿಸುತ್ತಾ ಹೋಗಿ.

ಎರಡನೇ ಹೆಜ್ಜೆ: ನೀವೇ ನಿಭಾಯಿಸಬಹುದಾದದ್ದಕ್ಕೆ ಗಡಿ ಹಾಕಿಕೊಳ್ಳಿ

ನೆಗಡಿ, ಮೈಕೈ ನೋವು, ಒಂದೆರಡು ದಿನದ ಭೇದಿ, ಮುಟ್ಟಿನ ಹೊಟ್ಟೆನೋವು, ಎದೆಯುರಿ, ಇಂಥವನ್ನು ವಿದ್ಯಾರ್ಥಿಯೊಬ್ಬ ತಾನೇ ನಿಭಾಯಿಸುವುದರಲ್ಲಿ ತಪ್ಪಿಲ್ಲ. ಭೇದಿಗೆ ಒಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ ಕುಡಿಯಬೇಕು; ದೊಡ್ಡ ಪೊಟ್ಟಣಕ್ಕೆ ಅದು ಒಂದು ಲೀಟರ್. ಗಂಟಲು ಕೆರೆತಕ್ಕೆ ಉಪ್ಪುನೀರಿನ ಮುಕ್ಕಳಿಕೆ ಸಾಕಾಗುತ್ತದೆ. ಮೂಗು ಕಟ್ಟಿದರೆ ಹಾಕುವ ಆಕ್ಸಿಮೆಟಜೋಲಿನ್ ಅಥವಾ ಜೈಲೋಮೆಟಜೋಲಿನ್ ಹನಿಗಳನ್ನು ಮೂರರಿಂದ ಐದು ದಿನಕ್ಕೆ ನಿಲ್ಲಿಸಬೇಕು, ಇಲ್ಲವಾದರೆ ಆ ಹನಿಯೇ ಮೂಗನ್ನು ಮತ್ತೆ ಕಟ್ಟಿಸುತ್ತದೆ. ಅಲರ್ಜಿಗೆ ಬಳಸುವ ಸಿಟ್ರಿಜಿನ್ ತೂಕಡಿಕೆ ತರುತ್ತದೆಯಾದ್ದರಿಂದ ಪರೀಕ್ಷೆಯ ಬೆಳಿಗ್ಗೆ ಅದನ್ನು ಮೊದಲ ಬಾರಿ ಪ್ರಯತ್ನಿಸಬಾರದು.

ಪ್ಯಾರಾಸಿಟಮಾಲ್ ಬಗ್ಗೆ ಸ್ವಲ್ಪ ಲೆಕ್ಕ ಬೇಕು. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಮದ್ಯ ಸೇವಿಸುವವರಿಗೆ, ಹಲವು ದಿನಗಳಿಂದ ಸರಿಯಾಗಿ ಊಟ ಮಾಡದವರಿಗೆ ಮಿತಿ ಇನ್ನೂ ಕಡಿಮೆ. 650 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ತೆಗೆದುಕೊಂಡರೆ 2.6 ಗ್ರಾಂ ಆಯಿತು. ಜೊತೆಗೆ ನೆಗಡಿಯ ಕಾಂಬಿನೇಷನ್ ಮಾತ್ರೆಯನ್ನು ಮೂರು ಸಲ ನುಂಗಿದರೆ, ಅದರೊಳಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದಲ್ಲಿ, ಮೊತ್ತ 4.1 ಗ್ರಾಂ. ಬ್ರ್ಯಾಂಡ್ ಹೆಸರು ಬೇರೆಯಾದ್ದರಿಂದ ಒಂದೇ ಔಷಧವನ್ನು ಎರಡು ಕಡೆಯಿಂದ ತೆಗೆದುಕೊಳ್ಳುತ್ತಿದ್ದೇವೆಂದು ಹೊಳೆಯುವುದೇ ಇಲ್ಲ. ಹೀಗಾಗಿ ಸ್ಟ್ರಿಪ್ಪಿನ ಹಿಂದೆ ಚಿಕ್ಕ ಅಕ್ಷರದಲ್ಲಿರುವ ಜೆನೆರಿಕ್ ಹೆಸರನ್ನು, ಅಂದರೆ ಔಷಧದ ಮೂಲ ಹೆಸರನ್ನು, ಓದದೆ ಯಾವ ಮಾತ್ರೆಯನ್ನೂ ಬಾಯಿಗೆ ಹಾಕಬೇಡಿ.

ಗಡಿ ಎಂದರೆ ದಿನಗಳ ಗಡಿಯೂ ಹೌದು. ಜ್ವರ ಎರಡು ದಿನ ದಾಟಿದರೆ, ಭೇದಿಯಲ್ಲಿ ರಕ್ತ ಕಂಡರೆ, ವಾಂತಿಯಿಂದ ನೀರೂ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ, ಕತ್ತು ಬಗ್ಗಿಸಲಾಗದ ತಲೆನೋವು ಬಂದರೆ, ಹೊಟ್ಟೆನೋವು ಬಲಗಡೆ ಕೆಳಭಾಗಕ್ಕೆ ಇಳಿದರೆ ಕ್ಯಾಶುವಲ್ಟಿಗೆ ಹೋಗಬೇಕು. ಎದೆಯುರಿಗೆ ಪ್ಯಾಂಟೊಪ್ರಜೋಲ್ ಎರಡು ವಾರ ಮೀರಿ ಬೇಕೆನಿಸಿದರೆ ಕಾರಣ ಹುಡುಕಿಸಬೇಕು; ತಿಂಗಳುಗಟ್ಟಲೆ ಅದನ್ನೇ ನುಂಗುವುದರಿಂದ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗುವ ಸಾಧ್ಯತೆಯಿದೆ.

ಮೂರನೇ ಹೆಜ್ಜೆ: ಜ್ವರಕ್ಕೆ ಹೆಸರಿಡುವ ಮೊದಲು ರಕ್ತ ಪರೀಕ್ಷೆ

ಕರ್ನಾಟಕದಲ್ಲಿ ಓದುವ ವಿದ್ಯಾರ್ಥಿಗೆ ಇದು ಬಹಳ ಮುಖ್ಯ. ಮಂಗಳೂರಿನ ಕಡೆ ಜ್ವರವೆಂದರೆ ಮಲೇರಿಯಾ ಇರಬಹುದು, ಮಳೆಗಾಲದಲ್ಲಿ ಇಲಿಜ್ವರ ಇರಬಹುದು. ಮಲೆನಾಡಿನಲ್ಲಿ, ಅದರಲ್ಲೂ ಶಿವಮೊಗ್ಗ ಜಿಲ್ಲೆಯ ಸುತ್ತ, ಬೇಸಿಗೆಯ ತಿಂಗಳುಗಳಲ್ಲಿ, 1957ರಲ್ಲಿ ಅಲ್ಲಿಯೇ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನೂ ನೆನೆಯಬೇಕು. ಡೆಂಗಿ ಎಲ್ಲ ಕಡೆಯೂ ಇದೆ. ಇವುಗಳಲ್ಲಿ ಮೊದಲ ಎರಡು ದಿನ ಒಂದನ್ನೊಂದು ಹೋಲದಿರುವ ಲಕ್ಷಣ ಕಡಿಮೆ: ಜ್ವರ, ತಲೆನೋವು, ಮೈನೋವು. ಅಂಥ ಹೊತ್ತಿನಲ್ಲಿ ಬೇಗ ಹುಷಾರಾಗಲಿ ಎಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್‌ನಂಥ ನೋವುನಿವಾರಕ ನುಂಗಿದರೆ, ಅದು ಡೆಂಗಿಯೇ ಆಗಿದ್ದಲ್ಲಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೀಗಾಗಿ ಕಾರಣ ತಿಳಿಯುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿಯಲ್ಲಿ ಜ್ವರ ಇಳಿಯುವ ದಿನಗಳೇ ಅಪಾಯದ ದಿನಗಳೆಂದು ನೀವು ಓದಿದ್ದೀರಿ. ಆದರೂ ತಮಗೆ ಜ್ವರ ಇಳಿದ ಕೂಡಲೇ ಪೋಸ್ಟಿಂಗ್‌ಗೆ ಹೊರಡುವವರೇ ಹೆಚ್ಚು.

ಟೈಫಾಯ್ಡ್ ವಿಷಯದಲ್ಲಿ ಬೇರೆ ತೊಡಕಿದೆ. ಮೊದಲ ವಾರದಲ್ಲಿ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ರೋಗಾಣು ಸಿಕ್ಕುವ ಸಾಧ್ಯತೆ ಹೆಚ್ಚು. ಅಷ್ಟರಲ್ಲಿ ಎರಡು ದಿನ ಸೆಫಿಕ್ಸಿಮ್ ಅಥವಾ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ನುಂಗಿ ಬಂದಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು, ಆಮೇಲೆ ಆ್ಯಂಟಿಬಾಡಿಯನ್ನಷ್ಟೇ ನೋಡುವ, ಅಷ್ಟು ಖಚಿತವಲ್ಲದ ವಿಡಾಲ್ ಪರೀಕ್ಷೆಯನ್ನೇ ನಂಬಿಕೊಂಡು ಕೂರುವ ಪರಿಸ್ಥಿತಿ ಬರುತ್ತದೆ. ಆ ಎರಡು ದಿನದ ಮಾತ್ರೆ ರೋಗವನ್ನು ಗುಣಪಡಿಸದೆ ಅದನ್ನು ಗುರುತಿಸುವ ದಾರಿಯನ್ನು ಮಾತ್ರ ಮುಚ್ಚಿರುತ್ತದೆ.

ನಾಲ್ಕನೇ ಹೆಜ್ಜೆ: ಆ್ಯಂಟಿಬಯಾಟಿಕ್ ವಿಷಯದಲ್ಲಿ ರಾಜಿ ಬೇಡ

ಹಾಸ್ಟೆಲುಗಳಲ್ಲಿ ಗಂಟಲು ನೋವೆಂದರೆ ಮೂರು ದಿನದ ಅಜಿತ್ರೊಮೈಸಿನ್, ಭೇದಿಯೆಂದರೆ ಒಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಮಾತ್ರೆ, ಮೂತ್ರ ಉರಿಯೆಂದರೆ ಸಿಪ್ರೊಫ್ಲಾಕ್ಸಸಿನ್ ಎಂಬ ಲೆಕ್ಕಾಚಾರ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ದಾಟಿಕೊಂಡು ಬರುತ್ತದೆ. ಆದರೆ ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್ಸಿನವು, ಅವುಗಳಿಗೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಜ್ವರ, ಟಾನ್ಸಿಲ್ ಮೇಲೆ ಬಿಳಿ ಪದರ, ಕತ್ತಿನ ಮುಂಭಾಗದಲ್ಲಿ ನೋಯುವ ಗಂಟುಗಳು, ಕೆಮ್ಮು ಇಲ್ಲದಿರುವುದು, ಈ ನಾಲ್ಕರಲ್ಲಿ ಎಷ್ಟಿವೆ ಎಂದು ಎಣಿಸಿ ಬ್ಯಾಕ್ಟೀರಿಯಾದ ಸಾಧ್ಯತೆ ಅಂದಾಜಿಸುವ ಕ್ರಮವನ್ನು ಇಎನ್‌ಟಿ ಪೋಸ್ಟಿಂಗ್‌ನಲ್ಲಿ ಕಲಿಯುತ್ತೀರಿ. ಅದರಲ್ಲಿ ಎರಡು ಅಂಶಗಳನ್ನು ಕನ್ನಡಿ ಮುಂದೆ ನಿಂತು ನೀವೇ ನೋಡಿಕೊಂಡರೆ ನಂಬುವಂತಿಲ್ಲ. ಬೇರೆಯವರೊಬ್ಬರು ಟಾರ್ಚ್ ಹಿಡಿದು ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು: ಸಾಮಾನ್ಯ ಬಳಕೆಯವು, ಎಚ್ಚರಿಕೆಯಿಂದ ಬಳಸಬೇಕಾದವು, ಕೊನೆಯ ಅಸ್ತ್ರವಾಗಿ ಕಾಯ್ದಿಡಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನಲ್ಲಿದೆ. ಹಾಸ್ಟೆಲಿನಲ್ಲಿ ಸಲೀಸಾಗಿ ಕೈಗೆ ಸಿಗುವ ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಸಿನ್ ಮೂರೂ ಎರಡನೇ ಗುಂಪಿಗೆ ಸೇರಿದವು. ಸಿಪ್ರೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್ ಸೇರಿದ ಫ್ಲೋರೊಕ್ವಿನಲೋನ್ ವರ್ಗಕ್ಕೆ ಇನ್ನೊಂದು ಅಪಾಯವಿದೆ. ಅವು ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುವುದರಿಂದ, ವಾರ್ಡಿನಲ್ಲಿ ಕ್ಷಯ ಅಂಟಿಸಿಕೊಂಡ ವಿದ್ಯಾರ್ಥಿಯ ಕೆಮ್ಮು ತಾತ್ಕಾಲಿಕವಾಗಿ ತಗ್ಗಿ, ರೋಗನಿರ್ಣಯ ವಾರಗಟ್ಟಲೆ ತಡವಾಗಬಹುದು. ಎರಡು ವಾರ ದಾಟಿದ ಕೆಮ್ಮಿಗೆ ಬೇಕಾದದ್ದು ಕಫ ಪರೀಕ್ಷೆ. ಇನ್ನು ಅಜಿತ್ರೊಮೈಸಿನ್ ಜೊತೆ ವಾಂತಿಗೆಂದು ಆಂಡಾನ್ಸೆಟ್ರಾನ್ ಅಥವಾ ಡೊಂಪೆರಿಡೋನ್ ಸೇರಿಸಿಕೊಂಡರೆ ಎರಡೂ ಔಷಧ ಹೃದಯದ ಕ್ಯೂಟಿ ಅವಧಿಯನ್ನು (ಇಸಿಜಿಯಲ್ಲಿ ಅಳೆಯುವ ಒಂದು ಅಂತರ) ಹಿಗ್ಗಿಸುತ್ತವೆ, ಅದರಿಂದ ಹೃದಯದ ಲಯ ತಪ್ಪಬಹುದು. ಭೇದಿಯಿಂದ ಪೊಟ್ಯಾಸಿಯಂ ಇಳಿದಿರುವಾಗ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಎಳೆದ ಕೆಂಪು ಗೆರೆ ಕಂಡರೆ ಚೀಟಿಯಿಲ್ಲದೆ ಅದನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. 2013ರಲ್ಲಿ ಔಷಧ ನಿಯಮಗಳಿಗೆ ಸೇರಿಸಿದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳಿಗೆ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಸೆಫಿಕ್ಸಿಮ್‌ನಂಥ ಹಲವು ಸೆಫಲೋಸ್ಪೊರಿನ್ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಆತಂಕ ತಗ್ಗಿಸುವ ಆಲ್‌ಪ್ರಜೋಲಾಂ, ನೋವಿನ ಟ್ರಮಡಾಲ್ ಆ ಪಟ್ಟಿಯಲ್ಲಿವೆ. ಏಪ್ರನ್ನಿಗೆ ಇದರಿಂದ ವಿನಾಯಿತಿ ಇಲ್ಲ.

ಐದನೇ ಹೆಜ್ಜೆ: ಪರೀಕ್ಷೆಯ ಕಾಲದ ಮಾತ್ರೆಗಳು

ಈ ಭಾಗವನ್ನು ಓದುತ್ತಿರುವವರಲ್ಲಿ ಕೆಲವರಿಗಾದರೂ ಇದು ತಮ್ಮದೇ ವಿಷಯವಾಗಿರಬಹುದು. ಅವರನ್ನು ಗದರಿಸುವುದು ನನ್ನ ಉದ್ದೇಶವಲ್ಲ. ಯೂನಿವರ್ಸಿಟಿ ಪರೀಕ್ಷೆಯ ಒತ್ತಡ ನಿಜವಾದದ್ದು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾರ್ಯಪಡೆ ರಚಿಸಿ 2024ರಲ್ಲಿ ವರದಿ ಪಡೆದಿದೆ. ಆದರೂ ಒತ್ತಡಕ್ಕೆ ಗೆಳೆಯನ ಕೈಯಿಂದ ಬರುವ ಮಾತ್ರೆ ಉತ್ತರವಾಗುವುದಿಲ್ಲ.

ನಿದ್ದೆಗೆಂದು ತೆಗೆದುಕೊಳ್ಳುವ ಆಲ್‌ಪ್ರಜೋಲಾಂ ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ. ಮರುದಿನ ಓದಿದ್ದು ನೆನಪಿನಲ್ಲಿ ನಿಲ್ಲುವುದೂ ಕಡಿಮೆಯಾಗುತ್ತದೆ, ಅಂದರೆ ಯಾವುದಕ್ಕಾಗಿ ನುಂಗಿದಿರೋ ಅದನ್ನೇ ಅದು ಕೆಡಿಸುತ್ತದೆ. ಎಚ್ಚರವಾಗಿರಲು ಬಳಸುವ ಮೊಡಾಫಿನಿಲ್ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಿಸಬಲ್ಲದು, ಅಪರೂಪಕ್ಕೆ ಚರ್ಮ ಸುಲಿದು ಪ್ರಾಣಕ್ಕೇ ಕುತ್ತು ತರುವ ಪ್ರತಿಕ್ರಿಯೆಯನ್ನೂ ಉಂಟುಮಾಡಬಲ್ಲದು. ಗಮನ ಹೆಚ್ಚಿಸಲೆಂದು ಕೆಲವರು ಹುಡುಕುವ ಮೀಥೈಲ್‌ಫೆನಿಡೇಟ್ ಇನ್ನೂ ಬಿಗಿಯಾದ ನಿಯಮವಿರುವ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಸ್ನೇಹಿತನ ಚೀಟಿಯಲ್ಲಿ ಅದನ್ನು ತರಿಸಿಕೊಳ್ಳುವುದು ಕಾನೂನಿನ ತೊಂದರೆಗೂ ದಾರಿ. ವೈವಾ ಮುಂಚೆ ಕೈ ನಡುಗದಿರಲೆಂದು ಪ್ರೊಪ್ರನಲಾಲ್ ನುಂಗುವುದು ಎಲ್ಲಕ್ಕಿಂತ ನಿರಪಾಯವೆಂದು ತೋರುತ್ತದೆ. ಆದರೆ ಬಾಲ್ಯದ ಆಸ್ತಮಾ ಮರೆತಿರುವವರಲ್ಲಿ ಅದು ಶ್ವಾಸನಾಳವನ್ನು ಬಿಗಿಮಾಡಿ ಪರೀಕ್ಷೆಯ ಕೋಣೆಯಿಂದಲೇ ಕ್ಯಾಶುವಲ್ಟಿಗೆ ಕಳುಹಿಸಬಹುದು. ಮೊದಲ ಹೆಜ್ಜೆಯಲ್ಲಿ ಹೇಳಿದ ಪುಟ ಬೇಕಾಗುವುದು ಇಂಥಲ್ಲಿ.

ನಿದ್ದೆ ಎರಡು ವಾರದಿಂದ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆಂಬ ಯೋಚನೆ ಬಂದರೆ ಅದಕ್ಕೆ ಮಾತ್ರೆಗಿಂತ ಮೊದಲು ಮಾತನಾಡಲು ಒಬ್ಬರು ಬೇಕು. ಸ್ವಂತ ಕಾಲೇಜಿನ ಮನೋವೈದ್ಯರ ಬಳಿ ಹೋಗಲು ಮುಜುಗರವಾದರೆ 14416 ಸಂಖ್ಯೆಗೆ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಶುಲ್ಕವಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರ.

ಆರನೇ ಹೆಜ್ಜೆ: ಚರ್ಮ, ಮುಟ್ಟು, ಡ್ರಿಪ್

ತೊಡೆಸಂದಿಯ ಹುಳುಕಡ್ಡಿಗೆ ಕ್ಲೊಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಶಿಲೀಂಧ್ರ ಹರಡಿ ಗುರುತೇ ಸಿಗದಂತೆ ರೂಪ ಬದಲಿಸುತ್ತದೆ. ಮುಖ ಬೆಳ್ಳಗಾಗಲೆಂದು ಹಚ್ಚುವ ಸ್ಟೀರಾಯ್ಡ್ ಮಿಶ್ರಣಗಳು ಚರ್ಮವನ್ನು ತೆಳುವಾಗಿಸಿ ಮೊಡವೆ, ಕೂದಲು, ಉರಿ ತರುತ್ತವೆ. ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರುವುದಕ್ಕೆ 2018ರಲ್ಲೇ ತಡೆ ಬಿದ್ದಿದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಅನ್ನು ಯಾವ ಕಾರಣಕ್ಕೂ ತಾವಾಗಿ ಶುರುಮಾಡಬಾರದು. ಗರ್ಭದ ಮೇಲೆ ಅದರ ಹಾನಿ ತೀವ್ರವಾದದ್ದು, ಡಾಕ್ಸಿಸೈಕ್ಲಿನ್ ಜೊತೆ ಸೇರಿದರೆ ತಲೆಬುರುಡೆಯೊಳಗಿನ ಒತ್ತಡ ಏರಬಹುದು.

ಪರೀಕ್ಷೆಯ ವಾರದಲ್ಲಿ ಮುಟ್ಟು ಮುಂದೂಡಲು ನೊರೆಥಿಸ್ಟೆರಾನ್ ತೆಗೆದುಕೊಳ್ಳುವ ವಿದ್ಯಾರ್ಥಿನಿಯರು ರಕ್ತ ಹೆಪ್ಪುಗಟ್ಟಿದ ಕೌಟುಂಬಿಕ ಇತಿಹಾಸವನ್ನೂ ಅರೆತಲೆನೋವನ್ನೂ ವೈದ್ಯರಿಗೆ ಹೇಳಿಯೇ ಮುಂದುವರಿಯಬೇಕು. 72 ಗಂಟೆಯೊಳಗಿನ ತುರ್ತು ಗರ್ಭನಿರೋಧಕ ಮಾತ್ರೆಗೆ ಚೀಟಿ ಬೇಡ, ಅದನ್ನು ಕೇಳಲು ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಗರ್ಭಪಾತದ ಮಾತ್ರೆಗಳನ್ನು ಕೋಣೆಯಲ್ಲಿ ಗುಟ್ಟಾಗಿ ನುಂಗುವುದು ಪ್ರಾಣಾಪಾಯ; ಗರ್ಭ ನಾಳದಲ್ಲಿ ನಿಂತಿದ್ದರೆ ಆ ಮಾತ್ರೆಗಳು ಕೆಲಸ ಮಾಡುವುದಿಲ್ಲ, ನಾಳ ಒಡೆದು ಒಳಗೇ ರಕ್ತ ಸೋರುತ್ತದೆ. ಕಾನೂನು ವಯಸ್ಕ ಮಹಿಳೆಯ ಗೋಪ್ಯತೆಯನ್ನು ಕಾಯುತ್ತದೆ, ನೋಂದಾಯಿತ ಕೇಂದ್ರದಲ್ಲಿ ಮನೆಯವರ ಒಪ್ಪಿಗೆಯನ್ನು ಕೇಳುವಂತಿಲ್ಲ.

ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಲು ಕಲಿತ ಉತ್ಸಾಹದಲ್ಲಿ ಗೆಳೆಯನಿಗೆ ಹಾಸ್ಟೆಲಿನ ಮಂಚದ ಮೇಲೆ ಡ್ರಿಪ್ ಏರಿಸುವುದನ್ನು, ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡುವುದನ್ನು ಇಂದೇ ನಿಲ್ಲಿಸಿ. ಅನಾಫಿಲಾಕ್ಸಿಸ್ (ಪ್ರಾಣಕ್ಕೇ ಕುತ್ತು ತರುವ ತೀವ್ರ ಅಲರ್ಜಿ) ಆದರೆ ಕೋಣೆಯಲ್ಲಿ ಅಡ್ರಿನಲಿನ್ ಇಲ್ಲ, ಆಮ್ಲಜನಕವೂ ಇಲ್ಲ. ಅಲ್ಲಿ ಕಳೆಯುವ ಪ್ರತಿ ನಿಮಿಷವೂ ಗೆಳೆಯನ ಆಯುಸ್ಸಿನದು.

ಏಳನೇ ಹೆಜ್ಜೆ: ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ

ರೋಗಿಯ ರಕ್ತ ತಾಗಿದ ಸೂಜಿ ಚುಚ್ಚಿದಾಗ ಬೈಗುಳಕ್ಕೆ ಹೆದರಿ ಸ್ಪಿರಿಟ್ ಹಚ್ಚಿ ಸುಮ್ಮನಾಗುವವರಿದ್ದಾರೆ. ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಕೂಡಲೇ ಡ್ಯೂಟಿ ಡಾಕ್ಟರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧವನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ಮುಂದುವರಿಸುತ್ತಾರೆ. ಬೇಕೇ ಬೇಡವೇ ಎಂಬುದನ್ನು ರೋಗಿಯ ಪರೀಕ್ಷೆ, ನಿಮ್ಮ ಗಾಯದ ಆಳ ನೋಡಿ ತೀರ್ಮಾನಿಸುತ್ತಾರೆ; ಹೆಪಟೈಟಿಸ್ ಬಿ ವಿಷಯದಲ್ಲಿ ನಿಮ್ಮ ಲಸಿಕೆಯ ಸ್ಥಿತಿಯನ್ನೂ ನೋಡುತ್ತಾರೆ. ಘಟನೆ ಆಸ್ಪತ್ರೆಯ ದಾಖಲೆಯಲ್ಲಿ ಬರೆಯಲ್ಪಡಲಿ. ಮುಂದೆ ಏನಾದರೂ ಆದರೆ ಕೆಲಸದ ವೇಳೆ ಆದದ್ದೆಂದು ತೋರಿಸಲು ಅದೇ ಆಧಾರ.

ಎಂಟನೇ ಹೆಜ್ಜೆ: ನಿಮಗೊಬ್ಬ ವೈದ್ಯರನ್ನು ಹುಡುಕಿಕೊಳ್ಳಿ

ನಿಮಗೆ ಪಾಠ ಮಾಡದ, ಪರೀಕ್ಷಕರಾಗಿ ಬರುವ ಸಂಭವ ಕಡಿಮೆ ಇರುವ ಒಬ್ಬ ವೈದ್ಯರನ್ನು ಆರೋಗ್ಯವಾಗಿರುವಾಗಲೇ ಗುರುತಿಸಿಕೊಳ್ಳಿ. ಊರಿನ ಜನರಲ್ ಪ್ರಾಕ್ಟಿಷನರ್ ಆದರೂ ಆಗಬಹುದು. ಕಾಯಿಲೆ ಬಂದಾಗ ಓಪಿಡಿ ಚೀಟಿ ಮಾಡಿಸಿ, ಕುಳಿತು, ಹಿಸ್ಟರಿ ಪೂರ್ತಿ ಹೇಳಿ. ಕಾರಿಡಾರಿನಲ್ಲಿ ನಡೆಯುತ್ತಲೇ ‘ಸರ್, ಸ್ವಲ್ಪ ಜ್ವರ ಇದೆ’ ಎಂದರೆ ಅವರೂ ನಡೆಯುತ್ತಲೇ ಒಂದು ಮಾತ್ರೆಯ ಹೆಸರು ಹೇಳುತ್ತಾರೆ, ಅದು ಚಿಕಿತ್ಸೆಯಲ್ಲ. ರೋಗನಿರ್ಣಯವನ್ನು ನೀವೇ ಮೊದಲು ಹೇಳಿಬಿಡಬೇಡಿ. ಲಕ್ಷಣ ಹೇಳಿ, ನಿರ್ಣಯ ಅವರಿಗೆ ಬಿಡಿ. ಈಗಾಗಲೇ ನುಂಗಿದ್ದನ್ನು ಮುಚ್ಚಿಡಬೇಡಿ.

ಗೆಳೆಯರು ನಿಮ್ಮನ್ನೇ ಕೇಳಿದಾಗಲೂ ಇದೇ ಮಾತು. ವಿದ್ಯಾರ್ಥಿಗೆ ಚೀಟಿ ಬರೆಯುವ ಅಧಿಕಾರವಿಲ್ಲ. ಹೌಸ್ ಸರ್ಜನ್‌ಗೆ (ಇಂಟರ್ನ್‌ಗೆ) ಇರುವ ತಾತ್ಕಾಲಿಕ ನೋಂದಣಿಯೂ ತರಬೇತಿಯ ಆಸ್ಪತ್ರೆಯೊಳಗೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡುವ ಕೆಲಸಕ್ಕೆ ಮಾತ್ರ. ಗೆಳತಿಯ ಜ್ವರಕ್ಕೆ ಔಷಧ ಹೇಳುವ ಬದಲು ಅವಳ ಜೊತೆ ಓಪಿಡಿಗೆ ನಡೆದು ಹೋಗಿ. ರೂಮ್‌ಮೇಟ್ ಮಾಡಬಹುದಾದ ದೊಡ್ಡ ಸಹಾಯ ಅದು.

ಈಗಾಗಲೇ ಅಭ್ಯಾಸವಾಗಿದ್ದರೆ

ಡ್ರಾಯರಿನಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಸುರಿದು ಪಟ್ಟಿ ಮಾಡಿ. ಅವಧಿ ಮುಗಿದದ್ದನ್ನೂ ಉಳಿದ ಆ್ಯಂಟಿಬಯಾಟಿಕ್‌ಗಳನ್ನೂ ಆಸ್ಪತ್ರೆಯ ಫಾರ್ಮಸಿಗೆ ಕೊಟ್ಟರೆ ಅವು ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಂತೆ ಹಳದಿ ಚೀಲಕ್ಕೆ ಹೋಗುತ್ತವೆ. ಆದರೆ ವಾರಗಳಿಂದ ಆಲ್‌ಪ್ರಜೋಲಾಂ ಅಥವಾ ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದರೆ ಇಂದು ಓದಿ ಇಂದೇ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು. ಪಟ್ಟಿಯನ್ನು ಮನೋವೈದ್ಯರ ಮುಂದಿಟ್ಟು, ಅವರು ಹೇಳಿದ ವೇಗದಲ್ಲಿ ಡೋಸ್ ಇಳಿಸಿಕೊಳ್ಳಿ. ಪ್ರೊಪ್ರನಲಾಲ್ ದಿನವೂ ತೆಗೆದುಕೊಳ್ಳುತ್ತಿದ್ದವರಿಗೂ, ಮುಖಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರಿಗೂ ಹಠಾತ್ತನೆ ನಿಲ್ಲಿಸಬಾರದೆಂಬ ಎಚ್ಚರಿಕೆ ಸಲ್ಲುತ್ತದೆ. ಯಾವುದಾದರೂ ಔಷಧದಿಂದ ತೊಂದರೆಯಾಗಿದ್ದರೆ ಕಾಲೇಜಿನ ಫಾರ್ಮಕಾಲಜಿ ವಿಭಾಗದಲ್ಲಿ ಅಡ್ಡಪರಿಣಾಮ ನಿಗಾ ಕೇಂದ್ರವಿದೆಯೇ ವಿಚಾರಿಸಿ ಫಾರ್ಮ್ ತುಂಬಿ. ಇಲ್ಲದಿದ್ದರೆ 1800-180-3024 ಸಂಖ್ಯೆಗೆ ಕರೆ ಮಾಡಿಯೂ ತಿಳಿಸಬಹುದು. ಚೀಟಿಯಿಲ್ಲದೆ ತಾವಾಗಿ ತೆಗೆದುಕೊಂಡದ್ದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ, ಆ ವಿವರ ಇಲ್ಲದೆ ವರದಿ ಪೂರ್ತಿಯಾಗುವುದಿಲ್ಲ.